ವಾಲ್ವ್ ಪ್ರೀಆಂಪ್ ಕೊಳ್ಳುವ ಮೊದಲು ಪವರ್ ಆಂಪ್‌ನ ಹಿಂಬದಿ ನೋಡಿ

ಓದುಗರ ಪ್ರಶ್ನೆ – ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಸ್ತುವಿನ ಸುತ್ತ ಇವೆ: ವಾಲ್ವ್ ಪ್ರೀಆಂಪ್. ಸಿ.ಡಿ. ಪ್ಲೇಯರ್, ಟರ್ನ್‌ಟೇಬಲ್, ಮೊಬೈಲ್ ಮುಂತಾದವುಗಳಿಂದ ಬರುವ ಸಿಗ್ನಲನ್ನು ಆರಿಸಿಕೊಂಡು, ವಾಲ್ಯೂಮ್ ಹೊಂದಿಸಿ, ಸ್ಪೀಕರ್ ನಡೆಸುವ ಪವರ್ ಆಂಪ್‌ಗೆ ದಾಟಿಸುವ ಪೆಟ್ಟಿಗೆ ಅದು. ಟ್ರಾನ್ಸಿಸ್ಟರ್ ಬದಲು ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ, ಅಂದರೆ ವಾಲ್ವ್, ಅದರಲ್ಲಿರುತ್ತದೆ. ಮೂಡಿಗೆರೆಯಿಂದ ಬಂದ ಪತ್ರದಲ್ಲಿ ಉಳಿದವರ ಪ್ರಶ್ನೆಗಳೂ ಬಹುಪಾಲು ಸೇರಿಕೊಂಡಿರುವುದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಅಪ್ಪ ಕೂಡಿಟ್ಟ ಎಲ್.ಪಿ. ರೆಕಾರ್ಡ್‌ಗಳು, ಅವರ ಟರ್ನ್‌ಟೇಬಲ್ ಮನೆಯಲ್ಲಿವೆ. ನಾನು ಕೊಂಡದ್ದು ಸಿ.ಡಿ. ಪ್ಲೇಯರ್, ಟ್ರಾನ್ಸಿಸ್ಟರ್ ಪವರ್ ಆಂಪ್, ಎರಡು ಸ್ಪೀಕರ್. ಇವಕ್ಕೆ ಒಂದು ವಾಲ್ವ್ ಪ್ರೀಆಂಪ್ ಸೇರಿಸುವ ಆಸೆ. ಮೂರು ದಾರಿಗಳಿವೆ. ಒಂದು, ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ 6ಜೆ1 ವಾಲ್ವ್‌ನ ಪುಟ್ಟ ಪೆಟ್ಟಿಗೆ. ಎರಡು, ಬೆಂಗಳೂರಿನಲ್ಲಿ ಒಬ್ಬರು ಕೈಯಾರೆ ಕಟ್ಟಿಕೊಡುವ ಇಸಿಸಿ83 ವಾಲ್ವ್‌ನ ಪ್ರೀಆಂಪ್. ಅದಕ್ಕೆ 35 ಸಾವಿರ ಹೇಳುತ್ತಾರೆ. ಮೂರು, ಅಮೆರಿಕದಲ್ಲಿರುವ ನನ್ನ ಷಡ್ಡಕರು ತಾವು ಬಳಸಿದ 12ಎಯು7 ವಾಲ್ವ್‌ನ ಪ್ರೀಆಂಪ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಯಾವುದು ಒಳ್ಳೆಯದು? ನನ್ನ ಪವರ್ ಆಂಪ್‌ನ ಹಿಂಬದಿಯಲ್ಲಿ ‘ಇನ್‌ಪುಟ್ 1 ವೋಲ್ಟ್, 10 ಕಿಲೋ ಓಮ್’ ಎಂದು ಬರೆದಿದೆ. ಉಪಯೋಗಕ್ಕೆ ಬರಬಹುದೆಂದು ತಿಳಿಸಿದ್ದೇನೆ.

ಉತ್ತರ: ಪವರ್ ಆಂಪ್‌ನ ಹಿಂಬದಿ ಓದಿ ಬರೆದವರು ನೀವೊಬ್ಬರೇ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಆ ಸಾಲಿನಲ್ಲೇ ಇದೆ. ಎಲ್ಲರೂ ಮೊದಲು ಕೇಳುವುದು ಯಾವ ವಾಲ್ವ್, ಯಾವ ಕಂಪನಿ ಎಂದು. ಪ್ರೀಆಂಪ್‌ನ ಹಿಂದೆ ಏನಿದೆ, ಮುಂದೆ ಏನಿದೆ, ಮನೆಯ ಕರೆಂಟ್ ಹೇಗಿದೆ ಎಂಬ ಮೂರು ವಿಷಯ ಗೊತ್ತಾಗದೆ ವಾಲ್ವ್ ಹೆಸರು ಹಿಡಿದು ಹೊರಟರೆ ದುಡ್ಡು ದಂಡ.

ಮೊದಲು 10 ಕಿಲೋ ಓಮ್ ವಿಷಯ. ಅದು ನಿಮ್ಮ ಪವರ್ ಆಂಪ್‌ನ ಇನ್‌ಪುಟ್ ಇಂಪೀಡನ್ಸ್, ಅಂದರೆ ಒಳಬರುವ ಸಿಗ್ನಲ್‌ಗೆ ಅದು ಒಡ್ಡುವ ತಡೆ. ವೋಲ್ಟೇಜ್ ಹಿಗ್ಗಿಸುವುದರಲ್ಲಿ ವಾಲ್ವ್ ಗಟ್ಟಿಗ, ಕರೆಂಟ್ ಕೊಡುವುದರಲ್ಲಿ ದುರ್ಬಲ. ಇಸಿಸಿ83ರ ಪ್ಲೇಟ್‌ಗೆ, ಅಂದರೆ ಹಿಗ್ಗಿದ ಸಿಗ್ನಲ್ ಸಿಗುವ ತುದಿಗೆ, ವಾಡಿಕೆಯಂತೆ 100 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅಲ್ಲಿಂದಲೇ ಔಟ್‌ಪುಟ್ ತೆಗೆದರೆ ಆ ಪ್ರೀಆಂಪ್‌ನ ಔಟ್‌ಪುಟ್ ಇಂಪೀಡನ್ಸ್ 38 ಕಿಲೋ ಓಮ್ ಹತ್ತಿರ ಬರುತ್ತದೆ. ಅದನ್ನು ನಿಮ್ಮ 10 ಕಿಲೋ ಓಮ್ ಆಂಪ್‌ಗೆ ಜೋಡಿಸಿದರೆ ಸಿಗ್ನಲ್‌ನ ಐದರಲ್ಲಿ ನಾಲ್ಕು ಪಾಲು ಪ್ರೀಆಂಪ್‌ನ ಒಳಗೇ ಕಳೆದುಹೋಗುತ್ತದೆ. ಅಷ್ಟು ಭಾರ ಎಳೆಯಬೇಕಾದ ವಾಲ್ವ್‌ನಲ್ಲಿ ವಿರೂಪವೂ ಹೆಚ್ಚುತ್ತದೆ. ಪವರ್ ಆಂಪ್‌ನ ಇನ್‌ಪುಟ್ ಇಂಪೀಡನ್ಸ್ ಪ್ರೀಆಂಪ್‌ನ ಔಟ್‌ಪುಟ್ ಇಂಪೀಡನ್ಸ್‌ಗಿಂತ ಕನಿಷ್ಠ ಹತ್ತು ಪಟ್ಟು ಇರಬೇಕು ಎನ್ನುವುದು ನಾವೆಲ್ಲ ಪಾಲಿಸುವ ಲೆಕ್ಕ. ನಿಮಗೆ ಬೇಕಾದದ್ದು 1 ಕಿಲೋ ಓಮ್‌ಗಿಂತ ಕಡಿಮೆ ಇರುವ ಪ್ರೀಆಂಪ್.

ಇನ್ನೊಂದು ಸೂಕ್ಷ್ಮ ಔಟ್‌ಪುಟ್‌ನಲ್ಲಿ ಕೂರುವ ಕೆಪಾಸಿಟರ್‌ನದು. ವಾಲ್ವ್‌ನ ಪ್ಲೇಟ್‌ನಲ್ಲಿ ನೂರಾರು ವೋಲ್ಟ್ ಡಿ.ಸಿ. ಇರುತ್ತದೆ. ಅದು ಪವರ್ ಆಂಪ್‌ಗೆ ನುಗ್ಗದಂತೆ ತಡೆಯುವುದು ಈ ಕೆಪಾಸಿಟರ್. ಅನೇಕ ಪ್ರೀಆಂಪ್‌ಗಳಲ್ಲಿ 0.22 ಮೈಕ್ರೋಫ್ಯಾರಡ್ ಹಾಕಿರುತ್ತಾರೆ. ಮುಂದಿನ ಆಂಪ್ 100 ಕಿಲೋ ಓಮ್‌ದಾಗಿದ್ದರೆ 7 ಹರ್ಟ್ಸ್‌ವರೆಗೂ ಅದರಿಂದ ಬಾಧೆಯಿಲ್ಲ. ಅದೇ ಕೆಪಾಸಿಟರ್ ನಿಮ್ಮ 10 ಕಿಲೋ ಓಮ್ ಎದುರು ನಿಂತರೆ 72 ಹರ್ಟ್ಸ್‌ನಲ್ಲೇ ಸದ್ದು 3 ಡೆಸಿಬಲ್ ಕುಸಿದಿರುತ್ತದೆ, ಅದಕ್ಕಿಂತ ಕೆಳಗೆ ಇನ್ನೂ ಇಳಿಯುತ್ತಾ ಹೋಗುತ್ತದೆ. ಮೃದಂಗದ ಎಡಗೈ ಗುಮಕಿ ಇರುವುದೇ ಆ ಪ್ರದೇಶದಲ್ಲಿ. ‘ವಾಲ್ವ್ ಹಾಕಿದ ಮೇಲೆ ಕೆಳಗಿನ ಸದ್ದು ತೆಳ್ಳಗಾಯಿತು, ವಾಲ್ವ್‌ನ ಸ್ವಭಾವವೇ ಹಾಗಂತೆ’ ಎಂದು ಹೇಳುವವರನ್ನು ನೋಡಿದ್ದೇನೆ. ಅದು ವಾಲ್ವ್‌ನ ಸ್ವಭಾವವಲ್ಲ, ಜೋಡಣೆಯ ಲೆಕ್ಕ ತಪ್ಪಿದ್ದು. 2.2 ಮೈಕ್ರೋಫ್ಯಾರಡ್ ಹಾಕಿಸಿದರೆ ನಿಮ್ಮ ಆಂಪ್ ಜೊತೆಗೂ ಅದು 7 ಹರ್ಟ್ಸ್‌ಗೆ ಇಳಿಯುತ್ತದೆ.

ಎರಡನೆಯದು ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗಿಸಬೇಕು ಎನ್ನುವುದು. ಸಿ.ಡಿ. ಪ್ಲೇಯರ್ ಕೊಡುವುದು ಸಾಮಾನ್ಯವಾಗಿ 2 ವೋಲ್ಟ್. ನಿಮ್ಮ ಪವರ್ ಆಂಪ್ ಪೂರ್ತಿ ಶಕ್ತಿಯಲ್ಲಿ ಹಾಡಲು 1 ವೋಲ್ಟ್ ಸಾಕು. ಅಂದರೆ ಸಿ.ಡಿ.ಗೆ ನಿಮಗೆ ಹಿಗ್ಗಿಸುವ ಅಗತ್ಯವೇ ಇಲ್ಲ, ತಗ್ಗಿಸುವ ಅಗತ್ಯವಿದೆ! ಇಸಿಸಿ83 ಒಂದೇ ಹಂತದಲ್ಲಿ ಅರವತ್ತು ಪಟ್ಟು ಹಿಗ್ಗಿಸಬಲ್ಲದು. ಹಾಗೆ ಮಾಡಿದರೆ ವಾಲ್ಯೂಮ್ ಗುಂಡಿ ಕೊಂಚ ತಿರುಗುವಷ್ಟರಲ್ಲಿ ಮನೆಯವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ಗುಂಡಿಯ ಆ ಮೊದಲ ಭಾಗದಲ್ಲಿ ಎಡ–ಬಲ ಚಾನೆಲ್‌ಗಳು ಸಮವಾಗಿರುವುದೂ ಅಪರೂಪ. ಎರಡರಿಂದ ನಾಲ್ಕು ಪಟ್ಟು, ಅಂದರೆ 6ರಿಂದ 12 ಡೆಸಿಬಲ್ ಗೇನ್ ಇದ್ದರೆ ಬೇಕಾದಷ್ಟಾಯಿತು.

ಈಗ ನಿಮ್ಮ ಮೂರು ದಾರಿಗಳಿಗೆ ಬರೋಣ.

6ಜೆ1 ಪೆಟ್ಟಿಗೆ ಬೇಡ. ಇಲ್ಲಿ ಹಾಸನದ ಕಾಲೇಜು ಹುಡುಗನೊಬ್ಬ ಅಂಥದೊಂದನ್ನು ನನ್ನ ಮೇಜಿಗೆ ತಂದಿದ್ದ. ನಾಲ್ಕು ಸ್ಕ್ರೂ ಬಿಚ್ಚಿದರೆ ವಾಲ್ವ್ ಸಾಕೆಟ್‌ನ ನಡುವಿನ ತೂತಿನಿಂದ ಕಿತ್ತಳೆ ಬಣ್ಣದ ಎಲ್.ಇ.ಡಿ. ತಲೆ ಹೊರಹಾಕಿ ಕೂತಿತ್ತು. ಹುಡುಗ ಮೆಚ್ಚಿಕೊಂಡಿದ್ದ ಹೊಳಪು ಅದರದು. ವಾಲ್ವನ್ನು ಬಿಸಿ ಮಾಡುವ ಒಳತಂತಿ, ಅಂದರೆ ಫಿಲಮೆಂಟ್‌ನ ನಿಜವಾದ ಬೆಳಕನ್ನು ಕೋಣೆ ಕತ್ತಲು ಮಾಡಿ ಹುಡುಕಬೇಕಾಯಿತು. ಪ್ಲೇಟ್‌ಗೆ ಮೀಟರ್ ಇಟ್ಟರೆ ಮೂವತ್ತು ವೋಲ್ಟ್ ಕೂಡ ಇಲ್ಲ. ಆ ವಾಲ್ವ್ ವಿನ್ಯಾಸಗೊಂಡಿರುವುದು 120 ವೋಲ್ಟ್ ಆಸುಪಾಸಿಗೆ. ಹಸಿದ ವಾಲ್ವ್‌ನಿಂದ ದುಡಿಸಿಕೊಂಡರೆ ಜೋರಾದ ಸ್ವರ ಬಂದ ಕಡೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ವಾಲ್ವ್ ಒಳಗೆ ಏನು ನಡೆಯುತ್ತದೆಂದು ಕಲಿಯಬೇಕೆನ್ನುವ ಹುಡುಗನಿಗೆ ಅದು ಪರವಾಗಿಲ್ಲ, ಕಡಿಮೆ ವೋಲ್ಟೇಜ್ ಆದ್ದರಿಂದ ಅಪಾಯವೂ ಇಲ್ಲ. ಅಪ್ಪನ ರೆಕಾರ್ಡ್‌ಗಳನ್ನು ಕೇಳಬೇಕೆನ್ನುವ ನಿಮಗೆ ಅದು ತಕ್ಕುದಲ್ಲ.

ಅಮೆರಿಕದ ಪ್ರೀಆಂಪ್ ಬಗ್ಗೆ ಮೊದಲು ಷಡ್ಡಕರಿಂದ ಎರಡು ವಿಷಯ ತಿಳಿದುಕೊಳ್ಳಿ. ಒಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ 230 ಅಥವಾ 240 ವೋಲ್ಟ್‌ಗೆ ಬದಲಿಸುವ ವ್ಯವಸ್ಥೆ ಇದೆಯೇ? ಕೈಪಿಡಿಯಲ್ಲಿ ಔಟ್‌ಪುಟ್ ಇಂಪೀಡನ್ಸ್ ಎಷ್ಟೆಂದು ಬರೆದಿದೆ? ಅಲ್ಲಿನ ಮನೆಗಳಲ್ಲಿರುವುದು 120 ವೋಲ್ಟ್. ನಮ್ಮ 230ಕ್ಕೆ ಹಾಗೇ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು. ಆದರೆ ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಅದಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಇನ್ನಷ್ಟು ಬಿಸಿಯಾಗುತ್ತದೆ. 12ಎಯು7 ವಾಲ್ವ್ ಬಗ್ಗೆ ನನ್ನ ತಕರಾರಿಲ್ಲ. ಅದು ಇಸಿಸಿ82ರ ಅಮೆರಿಕದ ಹೆಸರು, ಸಿ.ಡಿ. ಪ್ಲೇಯರ್ ಮಟ್ಟದ ಸಿಗ್ನಲ್ ತೆಗೆದುಕೊಳ್ಳುವ ಲೈನ್ ಪ್ರೀಆಂಪ್‌ಗೆ ಇಸಿಸಿ83ಕ್ಕಿಂತ ಒಗ್ಗುವ ವಾಲ್ವ್.

ಬೆಂಗಳೂರಿನವರು ಕಟ್ಟಿಕೊಡುವುದನ್ನೇ ನಾನು ಆರಿಸುತ್ತೇನೆ, ಆದರೆ ಷರತ್ತಿನ ಮೇಲೆ. ಕೆಟ್ಟರೆ ರಿಪೇರಿಗೆ ಒಯ್ಯಲು ಮೂಡಿಗೆರೆಯಿಂದ ರಾತ್ರಿ ಬಸ್ ಹತ್ತಿದರೆ ಸಾಕು ಎನ್ನುವುದು ಸಣ್ಣ ಸಂಗತಿಯಲ್ಲ. ಮುಂಗಡ ಕೊಡುವ ಮೊದಲು ಅವರ ಎದುರು ಕೂತು ಮಾತಾಡಿ. ಲೈನ್ ಹಂತಕ್ಕೆ ಇಸಿಸಿ83 ಬೇಡ, ಇಸಿಸಿ82 ಅಥವಾ ಇಸಿಸಿ88 ಹಾಕಿ ಎನ್ನಿ. ಔಟ್‌ಪುಟ್ ಪ್ಲೇಟ್‌ನಿಂದ ಬೇಡ, ಕ್ಯಾಥೋಡ್ ಫಾಲೋಯರ್ ಎಂಬ ಜೋಡಣೆಯಿಂದ ಬರಲಿ. ಆಗ ಔಟ್‌ಪುಟ್ ಇಂಪೀಡನ್ಸ್ ಕೆಲವು ನೂರು ಓಮ್‌ಗೆ ಇಳಿಯುತ್ತದೆ. ಔಟ್‌ಪುಟ್ ಕೆಪಾಸಿಟರ್ 2.2 ಮೈಕ್ರೋಫ್ಯಾರಡ್ ಇರಲಿ. ವಾಲ್ವ್ ಬಿಸಿಯಾಗಿ ವೋಲ್ಟೇಜ್ ನೆಲೆಗೊಳ್ಳುವವರೆಗೆ ಔಟ್‌ಪುಟ್ ಮುಚ್ಚಿಡುವ ರಿಲೇ ಇರಲೇಬೇಕು. ಅದಿಲ್ಲದಿದ್ದರೆ ಸ್ವಿಚ್ ಹಾಕಿದಾಗ ಕೆಪಾಸಿಟರ್ ತುಂಬುವ ‘ಧಡ್’ ಎನ್ನುವ ಏಟು ನೇರವಾಗಿ ಸ್ಪೀಕರ್‌ಗೆ ಹೋಗುತ್ತದೆ. ಕರೆಂಟ್ ಹೋದಾಗಲೂ ಆ ರಿಲೇ ತಕ್ಷಣ ಬಿದ್ದು ಔಟ್‌ಪುಟ್ ಮುಚ್ಚುವಂತಿರಬೇಕು. ನಿಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಕಣ್ಣಾಮುಚ್ಚಾಲೆ ಆಡುತ್ತದೆಂದು ನಿಮಗೇ ಗೊತ್ತು. ಆಫ್ ಮಾಡಿದ ಮೇಲೆ ದೊಡ್ಡ ಕೆಪಾಸಿಟರ್‌ಗಳನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಹಾಕಿದ್ದಾರೆಯೇ ಎಂದೂ ಕೇಳಿ. ಇಷ್ಟನ್ನೂ ಕೇಳಿ ಮುಖ ಗಂಟಿಕ್ಕಿಕೊಂಡರೆ ಅವರ ಕೈಯಲ್ಲಿ ಕಟ್ಟಿಸುವುದು ಬೇಡ. ಕೆಲಸ ಬಲ್ಲವರು ಇಂಥ ಗಿರಾಕಿ ಸಿಕ್ಕರೆ ಸಂತೋಷಪಡುತ್ತಾರೆ.

ಇನ್ನು ಅಪ್ಪನ ಟರ್ನ್‌ಟೇಬಲ್. ಲೈನ್ ಪ್ರೀಆಂಪ್‌ಗೆ ಅದನ್ನು ನೇರ ಜೋಡಿಸಲಾಗದು. ಸೂಜಿ ಕೂತಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವುದು 3ರಿಂದ 5 ಮಿಲಿವೋಲ್ಟ್, ಸಿ.ಡಿ. ಪ್ಲೇಯರ್‌ನ ನಾನೂರನೇ ಒಂದು ಪಾಲಿನ ಆಸುಪಾಸು. ಜೊತೆಗೆ ರೆಕಾರ್ಡ್ ಕೊರೆಯುವಾಗ ಕೆಳಸ್ವರಗಳನ್ನು ತಗ್ಗಿಸಿ ಮೇಲುಸ್ವರಗಳನ್ನು ಏರಿಸಿರುತ್ತಾರೆ. 1954ರಿಂದ ಅದಕ್ಕೆ ಆರ್.ಐ.ಎ.ಎ. ಎಂಬ ಒಂದೇ ಅಳತೆ ಬಳಕೆಯಲ್ಲಿದೆ. ಕೇಳುವಾಗ ಅದನ್ನು ತಿರುವುಮುರುವು ಮಾಡುವ, ಸುಮಾರು ನೂರು ಪಟ್ಟು ಹಿಗ್ಗಿಸುವ, 47 ಕಿಲೋ ಓಮ್ ಇನ್‌ಪುಟ್ ಇರುವ ಫೋನೋ ಹಂತ ಬೇರೆಯೇ ಬೇಕು. ಇಸಿಸಿ83ರ ನಿಜವಾದ ಜಾಗ ಇದು. ಅದನ್ನು ಇಲ್ಲಿ ಹಾಕಿಸಿಕೊಳ್ಳಿ, ಅಥವಾ ಸದ್ಯಕ್ಕೆ ಒಳ್ಳೆಯ ಟ್ರಾನ್ಸಿಸ್ಟರ್ ಫೋನೋ ಪೆಟ್ಟಿಗೆಯನ್ನೇ ಕೊಳ್ಳಿ. ನಾನಾದರೆ ಎರಡನೆಯದನ್ನು ಮಾಡುತ್ತೇನೆ. ನೂರು ಪಟ್ಟು ಹಿಗ್ಗಿಸುವ ಕಡೆ ವಾಲ್ವ್‌ನ ‘ಸುಸ್’ ಸದ್ದೂ ನೂರು ಪಟ್ಟಾಗುತ್ತದೆ. ಹಾಂ, ಟರ್ನ್‌ಟೇಬಲ್ ಸೂಟ್‌ಕೇಸ್ ಮಾದರಿಯದಾಗಿದ್ದರೆ ಅದರಲ್ಲಿರುವುದು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಡ್ಜ್ ಇರಬಹುದು. ಅದರ ಲೆಕ್ಕ ಪೂರ್ತಿ ಬೇರೆ. ಕ್ರಿಸ್ಟಲ್ ಕಾರ್ಟ್ರಿಡ್ಜ್‌ನ ಒಳಗಿರುವುದು ತೇವ ತಾಕಿದರೆ ಹಾಳಾಗುವ ರೋಶೆಲ್ ಉಪ್ಪಿನ ಹರಳು. ಮೂಡಿಗೆರೆಯ ಮಳೆಗಾಲಗಳನ್ನು ಕಂಡ ಮೇಲೆ ಅದು ಬದುಕಿರುವುದು ಕಷ್ಟ.

ಕೊನೆಗೆ ಕರೆಂಟ್. ಕಾಫಿ ಹೂ ಬಿಡಲು ಬೇಕಾದ ಹೂಮಳೆ ತಡವಾಗಿ, ಫೆಬ್ರವರಿ–ಮಾರ್ಚ್‌ನಲ್ಲಿ ಸುತ್ತಲಿನ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಮೋಟಾರುಗಳು ಓಡುವಾಗ ನಿಮ್ಮ ಮನೆಯಲ್ಲಿ ಎಷ್ಟು ವೋಲ್ಟ್ ಇರುತ್ತದೆಂದು ಸಂಜೆ ಹೊತ್ತು ಅಳೆಯಿರಿ. ವಾಲ್ವ್‌ನ ಫಿಲಮೆಂಟ್‌ಗೆ ಸಾಮಾನ್ಯವಾಗಿ ಬೇಕಾದದ್ದು 6.3 ವೋಲ್ಟ್, ಹತ್ತು ಪ್ರತಿಶತ ಆಚೀಚೆ ತಡೆಯುತ್ತದೆ. ಮನೆಯ ಕರೆಂಟ್ 180ಕ್ಕೆ ಇಳಿದರೆ ಫಿಲಮೆಂಟ್‌ನಲ್ಲಿ ಉಳಿಯುವುದು 5 ವೋಲ್ಟ್ ಮಾತ್ರ. ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಅರೆಬೆಚ್ಚಗಾಗಿ ದುಡಿದರೆ ವಾಲ್ವ್‌ನ ಆಯುಷ್ಯ ಕರಗುತ್ತದೆ. ಒಳ್ಳೆಯ ಸ್ಟೆಬಿಲೈಜರ್ ಕೊಳ್ಳಿ. ಇನ್ವರ್ಟರ್ ಮೇಲೆ ಕೇಳುವುದಾದರೆ ಅದು ಶುದ್ಧ ಸೈನ್ ವೇವ್‌ನದಾಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಸಿದರೆ ಟ್ರಾನ್ಸ್‌ಫಾರ್ಮರ್ ಗುರುಗುಟ್ಟುತ್ತದೆ, ಆ ಗುರುಗುಟ್ಟುವಿಕೆ ಸ್ಪೀಕರ್‌ನಲ್ಲೂ ಕೇಳುತ್ತದೆ. 35 ಸಾವಿರ ಪೂರ್ತಿ ಪ್ರೀಆಂಪ್‌ಗೇ ಸುರಿಯಬೇಡಿ. ಸ್ಟೆಬಿಲೈಜರ್‌ಗೂ ಅರ್ಥಿಂಗ್‌ಗೂ ಮೊದಲು ದುಡ್ಡು ತೆಗೆದಿಡಿ.

ಪ್ರಶ್ನೆ: ಸರ್, ಹೊಸದಾಗಿ ತಂದ ವಾಲ್ವ್ ಪ್ರೀಆಂಪ್ ಜೋಡಿಸಿದಾಗಿನಿಂದ ಸ್ಪೀಕರ್‌ಗಳಲ್ಲಿ ‘ಗುಂ’ ಎನ್ನುವ ಸದ್ದು. ಪರಿಚಯದವರೊಬ್ಬರು ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ ಎಂದರು. ತೆಗೆದ ಮೇಲೆ ಸದ್ದು ಪೂರ್ತಿ ನಿಂತಿದೆ. ಹೀಗೆಯೇ ಬಿಡಬಹುದೇ? – ವಿದ್ಯಾನಗರ, ಹಾಸನ

ಉತ್ತರ: ಬಿಡಬಾರದು. ಈ ಸಾಲು ಓದಿದ ಕೂಡಲೇ ಎದ್ದುಹೋಗಿ ಸ್ವಿಚ್ ಆರಿಸಿ, ಆ ಪಿನ್ ಮತ್ತೆ ಹಾಕುವವರೆಗೆ ಅದನ್ನು ಮುಟ್ಟಬೇಡಿ. ವಾಲ್ವ್ ಪ್ರೀಆಂಪ್‌ನ ಒಳಗೆ 200ರಿಂದ 300 ವೋಲ್ಟ್ ಡಿ.ಸಿ. ಓಡಾಡುತ್ತಿರುತ್ತದೆ, ಅದರ ಜೊತೆ ಮನೆಯ 230 ವೋಲ್ಟ್ ಎ.ಸಿ.ಯೂ ಇದೆ. ಒಂದು ತಂತಿ ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಾಗಿದರೆ, ಅರ್ಥ್ ಇದ್ದಾಗ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ವಾಲ್ಯೂಮ್ ಗುಂಡಿ ಮುಟ್ಟಿದವರ ಮೈಯೇ ಅರ್ಥ್ ಆಗುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ ಎಂದೂ ಬರೆದಿದ್ದೀರಿ. ಸದ್ದು ನಿಲ್ಲಿಸಲು ಬೇರೆ ದಾರಿಗಳಿವೆ, ಜೀವಕ್ಕೆ ಬೇರೆ ದಾರಿಯಿಲ್ಲ.

ಪಿನ್ ತೆಗೆದಾಗ ಸದ್ದು ನಿಂತಿತು ಎಂದರೆ ಪ್ರೀಆಂಪ್ ಕೆಟ್ಟಿಲ್ಲ. ಎರಡು ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ಥ್ ಸೇರಿ, ಸಿಗ್ನಲ್ ತಂತಿಯ ಹೊರಕವಚದ ಮೂಲಕ ಒಂದು ಸುತ್ತು ಏರ್ಪಟ್ಟಿದೆ. ಆ ಸುತ್ತಿನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟನ್ನು ನೀವು ಕೇಳುತ್ತಿದ್ದೀರಿ. ಮೊದಲು ಎಲ್ಲ ಉಪಕರಣಗಳನ್ನೂ ಗೋಡೆಯ ಒಂದೇ ಸಾಕೆಟ್‌ನಿಂದ ಬರುವ ಒಂದೇ ಪಟ್ಟಿಗೆ ಚುಚ್ಚಿ. ನಂತರ ಟಿ.ವಿ. ಅಥವಾ ಸೆಟ್‌ಟಾಪ್ ಬಾಕ್ಸ್ ಇದಕ್ಕೆ ಜೋಡಣೆಯಾಗಿದ್ದರೆ ಕೇಬಲ್ ತಂತಿಯನ್ನು ಕಿತ್ತು ನೋಡಿ. ಹಾಸನದ ಮನೆಗಳಲ್ಲಿ ನಾನು ಕಂಡ ಗುಂಕಾರಗಳಲ್ಲಿ ಬಹಳಷ್ಟು ಹೊರಗಿನಿಂದ ಬರುವ ಆ ಕೇಬಲ್ ಮೂಲಕವೇ ಒಳಬಂದವು. ಲ್ಯಾಪ್‌ಟಾಪ್‌ನಿಂದ ಹಾಡು ಕೇಳುವಾಗ ಮಾತ್ರ ಸದ್ದಿದ್ದರೆ ಅದರ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಕೇಬಲ್‌ನಲ್ಲಾಗಲಿ ಸಿಗ್ನಲ್ ತಂತಿಯಲ್ಲಾಗಲಿ ಸುತ್ತು ಕತ್ತರಿಸಲು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ವಿಚಾರಿಸಿ.

ಇದ್ಯಾವುದರಿಂದಲೂ ಕಡಿಮೆಯಾಗದೆ, ಸದ್ದು ‘ಗುಂ’ ಎನ್ನುವ ಬದಲು ‘ಝರ್’ ಎಂದು ಕೊರೆಯುವಂತಿದ್ದರೆ ಅದು 100 ಹರ್ಟ್ಸ್. ರೆಕ್ಟಿಫೈಯರ್ ಮುಂದಿರುವ ಫಿಲ್ಟರ್ ಕೆಪಾಸಿಟರ್ ಸೋತಿದೆ ಎಂದರ್ಥ, ಅದನ್ನು ಕೊಟ್ಟವರಿಂದಲೇ ಬದಲಿಸಿಕೊಳ್ಳಿ. ಮನೆಯ ಅರ್ಥಿಂಗ್ ಗುಂಡಿಯನ್ನೂ ನೋಡಿಸಿ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಇದ್ದಿಲು–ಉಪ್ಪು ಹಾಕಿದ ಗುಂಡಿಗೂ ನೀರು ಬೇಕಾಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಗುಂಡಿಯ ಮೇಲೆ ಕಾಂಕ್ರೀಟ್ ಹಾಕಿ ಮರೆತಿರುತ್ತಾರೆ.

ಪ್ರಶ್ನೆ: ಇಸಿಸಿ82 ಇರುವ ಸಾಕೆಟ್‌ಗೆ ಇಸಿಸಿ88 ಹಾಕಬಹುದೇ? ಎರಡಕ್ಕೂ ಒಂಬತ್ತೇ ಪಿನ್. – ಅರಸೀಕೆರೆ

ಉತ್ತರ: ಹಾಕಬೇಡಿ. ಪಿನ್ ಸಂಖ್ಯೆ ಒಂದೇ, ಒಳಗಿನ ಜೋಡಣೆ ಬೇರೆ. ಇಸಿಸಿ82ರ ಫಿಲಮೆಂಟ್ 4 ಮತ್ತು 5ನೇ ಪಿನ್‌ಗಳ ನಡುವೆ 12.6 ವೋಲ್ಟ್‌ನದು, 9ನೇ ಪಿನ್ ಅದರ ನಡುಬಿಂದು. ಇಸಿಸಿ88ರಲ್ಲಿ 4–5ರ ನಡುವೆ 6.3 ವೋಲ್ಟ್ ಮಾತ್ರ, 9ನೆಯದು ಒಳಗಿನ ಲೋಹದ ತೆರೆ. ಸಾಕೆಟ್‌ಗೆ 12.6 ಬರುತ್ತಿದ್ದರೆ ಇಸಿಸಿ88 ಸುಟ್ಟುಹೋಗುತ್ತದೆ; 4 ಮತ್ತು 5ನ್ನು ಒಂದುಗೂಡಿಸಿ 6.3ರಲ್ಲಿ ನಡೆಸುವ ಸಾಕೆಟ್ ಆದರೆ ಅದು ಬಿಸಿಯೇ ಆಗುವುದಿಲ್ಲ. ಇಸಿಸಿ81, 82, 83 ಈ ಮೂರರ ಪಿನ್‌ಗಳು ಒಂದೇ. ಆದರೂ ಗೇನ್ ಮತ್ತು ಬಯಾಸ್ (ವಾಲ್ವ್ ದುಡಿಯುವ ನೆಲೆ ವೋಲ್ಟೇಜ್) ಬದಲಾಗುವುದರಿಂದ ವಿನ್ಯಾಸ ಮಾಡಿದವರನ್ನು ಕೇಳದೆ ಅದಲುಬದಲು ಮಾಡಬೇಡಿ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ. ವಾಲ್ವ್ ಮೂಲಕ ಕೇಳಿದರೆ ತಂತಿವಾದ್ಯ ತುಂಬಿಕೊಂಡು ಕೇಳುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆಯೇ ಅಥವಾ ಹಳೆಯದರ ಮೇಲಿನ ಮೋಹವೇ?

ಉತ್ತರ: ಹುರುಳಿದೆ, ಮತ್ತು ಅದನ್ನು ನಿಮಗೆ ವಿವರಿಸುವುದು ಸುಲಭ, ಏಕೆಂದರೆ ನಿಮ್ಮ ತಂಬೂರಿಯೇ ಅದನ್ನು ದಿನಾ ಹೇಳುತ್ತಿದೆ. ಯಾವ ಆಂಪ್ ಆದರೂ ಮೂಲ ಸ್ವರಕ್ಕೆ ತನ್ನದೇ ಒಂದಿಷ್ಟು ಅನುಸ್ವರಗಳನ್ನು, ಅಂದರೆ ಮೂಲದ ಎರಡು, ಮೂರು ಪಟ್ಟು ಕಂಪನದ ಸ್ವರಗಳನ್ನು, ಸೇರಿಸುತ್ತದೆ. ಮಧ್ಯ ಷಡ್ಜವನ್ನು ನುಡಿಸಿದರೆ ಎರಡನೆಯ ಅನುಸ್ವರ ತಾರಷಡ್ಜ, ಮೂರನೆಯದು ಅದರ ಮೇಲಿನ ಪಂಚಮ, ಐದನೆಯದು ಇನ್ನೂ ಮೇಲಿನ ಅಂತರ ಗಾಂಧಾರ. ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿ ಕೇಳುವ ಸ್ವಯಂಭು ಗಾಂಧಾರ ಇದೇ. ಏಳನೆಯದು ಮಾತ್ರ ನಮ್ಮ ನಿಷಾದದ ಸ್ಥಾನಕ್ಕೆ ಸರಿಯಾಗಿ ಬಂದು ಕೂರುವುದಿಲ್ಲ, ಸ್ವಲ್ಪ ಇಳಿದಿರುತ್ತದೆ. ಸರಳವಾಗಿ ಕಟ್ಟಿದ ಟ್ರಯೋಡ್, ಅಂದರೆ ಮೂರು ತುದಿಗಳ ವಾಲ್ವ್, ಸೇರಿಸುವುದು ಹೆಚ್ಚಾಗಿ ಎರಡನೆಯದನ್ನು. ಷಡ್ಜಕ್ಕೆ ಷಡ್ಜವೇ ಸೇರಿದರೆ ಕಿವಿ ಅದನ್ನು ದೋಷವೆಂದು ಹಿಡಿಯುವುದಿಲ್ಲ, ತುಂಬಿಕೊಂಡಿತು ಎನ್ನುತ್ತದೆ. ಮಿತಿಮೀರಿ ನೂಕಿದ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಏಳು, ಒಂಬತ್ತರಂಥ ಮೇಲಿನವು ಹೆಚ್ಚಾಗಿ ಸೇರುತ್ತವೆ. ಅವು ಕಿವಿಗೆ ಚುಚ್ಚುತ್ತವೆ.

ಆದರೆ ಇದು ಅಭಿರುಚಿಯ ಸೇರ್ಪಡೆ ಎನ್ನುವುದು ನೆನಪಿರಲಿ. ನೀವು ಪಾಠಕ್ಕೆ ಕೇಳುವವರು. ಗಮಕದಲ್ಲಿ ಬೆರಳು ಮೆಟ್ಟಿಲಿನ ಮೇಲೆ ಎಲ್ಲಿಂದ ಎಲ್ಲಿಗೆ ಎಳೆಯಿತು, ಮೀಟು ಎಲ್ಲಿ ಬಿತ್ತು ಎಂದು ಮಕ್ಕಳಿಗೆ ತೋರಿಸಬೇಕಾದವರು. ಹಾಸನ ಜಿಲ್ಲೆಯಲ್ಲೇ ಹುಟ್ಟಿದ ವೀಣೆ ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಣವೊಂದನ್ನು, ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಅವರ ಒಂದು ಗಾಯನವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ವೀಣೆಯಲ್ಲಿ ಮೀಟು ಮತ್ತು ಅದರ ನಂತರದ ನಾದ ಎರಡೂ ಬೇರೆಬೇರೆಯಾಗಿ ಕೇಳಬೇಕು. ಶ್ರೀಕಂಠನ್ ಅವರ ಸಾಹಿತ್ಯದ ಪ್ರತಿ ಅಕ್ಷರ ಬಿಡಿಯಾಗಿ ಕೇಳಬೇಕು. ಪ್ರೀಆಂಪ್ ಸೇರಿಸಿದಾಗ ಇವು ಒಂದಕ್ಕೊಂದು ಅಂಟಿಕೊಂಡರೆ, ಅದು ಎಷ್ಟೇ ಇಂಪಾಗಿದ್ದರೂ ನಿಮ್ಮ ಕೆಲಸಕ್ಕೆ ಬೇಡ. ಪ್ರೀಆಂಪ್ ಇದ್ದಾಗ, ಇಲ್ಲದಾಗ ಎರಡನ್ನೂ ಒಂದೇ ಮಟ್ಟದ ಸದ್ದಿನಲ್ಲಿ ಹೋಲಿಸಿ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಮಾರುವವರಿಗೂ ಇದು ಗೊತ್ತಿರುತ್ತದೆ.

ನೀವು ಈಗ ಮೊಬೈಲ್‌ನಿಂದ ಸಣ್ಣ ಬ್ಲೂಟೂತ್ ಸ್ಪೀಕರ್‌ನಲ್ಲಿ ಕೇಳುತ್ತಿರುವುದಾಗಿ ಬರೆದಿದ್ದೀರಿ. ಹಾಗಿದ್ದರೆ ಮೂಗಿಗಿಂತ ಮೂಗುತಿ ಭಾರವಾಗುವುದು ಬೇಡ. ಒಂದು ಜೊತೆ ಒಳ್ಳೆಯ ಸ್ಪೀಕರ್, ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಒಂದು ಸಾಧಾರಣ ಇಂಟಿಗ್ರೇಟೆಡ್ ಆಂಪ್ ಕೊಳ್ಳಿ. ವಾಲ್ವ್ ಆಮೇಲೆ ನೋಡೋಣ.

ಹಳೆಯದರ ಮೋಹ ಎಂದಿರಿ. ಇಲ್ಲಿ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಂಥ ಕೇಂದ್ರಗಳು ನೋಡಿಕೊಳ್ಳುವ ಸಂವಹನ ಉಪಗ್ರಹಗಳಲ್ಲಿ ಭೂಮಿಗೆ ಸಂಕೇತ ಕಳಿಸುವ ಕೆಲಸವನ್ನು ಇಂದಿಗೂ ಬಹುಮಟ್ಟಿಗೆ ಮಾಡುತ್ತಿರುವುದು ಟ್ರಾವೆಲಿಂಗ್ ವೇವ್ ಟ್ಯೂಬ್ ಎಂಬ ನಿರ್ವಾತ ಕೊಳವೆ. ಅದೂ ಇದೇ ವಂಶದ್ದು.

ಪ್ರಶ್ನೆ: ತಾತನ ಕಾಲದ ರೇಡಿಯೊ ಅಟ್ಟದ ಮೇಲಿದೆ. ವಾಲ್ವ್‌ಗಳ ಮೇಲೆ ‘ಬಿಇಎಲ್’ ಎಂದಿದೆ. ಅವನ್ನು ಕಿತ್ತು ಪ್ರೀಆಂಪ್ ಮಾಡಿಸಬಹುದೇ? – ತರೀಕೆರೆ

ಉತ್ತರ: ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ದೇಶದ ಬಹಳಷ್ಟು ರೇಡಿಯೊಗಳಿಗೆ ವಾಲ್ವ್ ಕೊಡುತ್ತಿತ್ತು, ಅವು ಗಟ್ಟಿ ಮಾಲು. ಆದರೆ ರೇಡಿಯೊದಲ್ಲಿ ಇರುವುದು ಸಾಮಾನ್ಯವಾಗಿ ಇಸಿಎಚ್81, ಇಎಫ್89, ಇಎಲ್84, ಇಝಡ್80ರಂಥವು. ಇವು ತರಂಗ ಹಿಡಿಯುವುದಕ್ಕೆ, ಸ್ಪೀಕರ್ ನಡೆಸುವುದಕ್ಕೆ, ಎ.ಸಿ.ಯನ್ನು ಡಿ.ಸಿ. ಮಾಡುವುದಕ್ಕೆ ಇರುವವು, ಪ್ರೀಆಂಪ್‌ನ ಜೋಡಿ ಟ್ರಯೋಡ್‌ಗಳಲ್ಲ. ದಯವಿಟ್ಟು ಆ ರೇಡಿಯೊವನ್ನು ಕಿತ್ತುಹಾಕಬೇಡಿ. ನೇರವಾಗಿ ಪ್ಲಗ್ ಹಾಕಿಯೂ ನೋಡಬೇಡಿ. ಬಹಳ ಕಾಲ ಸುಮ್ಮನಿದ್ದ ಕೆಪಾಸಿಟರ್‌ಗಳು ಸಿಡಿಯಬಹುದು. ವಾಲ್ವ್‌ಗಳ ಗಾಜಿನ ತಲೆಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿ. ಒಳಗಿನ ಲೇಪ ಕನ್ನಡಿಯಂತೆ ಬೆಳ್ಳಿಬಣ್ಣದಲ್ಲಿದ್ದರೆ ಆಶೆಯಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ಬಿಚ್ಚದೆ ಹಾಗೇ ರಿಪೇರಿ ಬಲ್ಲವರ ಹತ್ತಿರ ಒಯ್ಯಿರಿ.

ಪ್ರಶ್ನೆ: ‘ಮುಲ್ಲಾರ್ಡ್’ ಎಂದು ಬರೆದ ಹೊಸ ವಾಲ್ವ್ ಸಿಗುತ್ತಿದೆ. ಇಂಗ್ಲೆಂಡ್‌ನ ಆ ಹಳೆಯ ಮುಲ್ಲಾರ್ಡೇ ಇದು? – ಬೇಲೂರು

ಉತ್ತರ: ಅಲ್ಲ. ಆ ಹೆಸರಿನ ಹಕ್ಕು ಪಡೆದು ರಷ್ಯಾದ ಸಾರಾತೋವ್ ಕಾರ್ಖಾನೆಯಲ್ಲಿ ಮಾಡಿಸಿದ ವಾಲ್ವ್‌ಗಳು ಅವು. ‘ಟಂಗ್‌ಸೋಲ್’ ಕಥೆಯೂ ಇದೇ. ಕೆಟ್ಟವೆಂದು ಹೇಳುತ್ತಿಲ್ಲ. ಹೊಸ ವಾಲ್ವ್ ಎಂದು ತಿಳಿದು ಹೊಸದರ ಬೆಲೆ ಕೊಡಿ, ಹಳೆಯದರ ಬೆಲೆ ಕೊಡಬೇಡಿ. ಸ್ಲೊವಾಕಿಯಾದ ಜೆಜೆ ವಾಲ್ವ್‌ಗಳೂ ನಂಬಿಕೆಗೆ ಅರ್ಹ. ಕೊಂಡ ಮೇಲೆ ಪ್ರೀಆಂಪ್‌ಗೆ ಹಾಕಿ, ವಾಲ್ಯೂಮನ್ನು ಎಂದಿನ ಮಟ್ಟದಲ್ಲಿಟ್ಟು, ಪೆನ್ಸಿಲಿನ ಹಿಂತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಮಂದವಾದ ‘ಟಕ್’ ಬಂದು ಅಲ್ಲೇ ನಿಂತರೆ ಸರಿ. ಗಂಟೆಯಂತೆ ‘ಟಿಂಗ್’ ಎಂದು ಎಳೆದರೆ ಒಳಗಿನ ಗ್ರಿಡ್ ಅಲುಗಾಡುತ್ತಿದೆ, ಬದಲಿಸಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಸಕಲೇಶಪುರದ ಮಳೆಗಾಲದಲ್ಲಿ ವಾಲ್ವ್ ಪ್ರೀಆಂಪನ್ನು ಮುಚ್ಚಿ ಎತ್ತಿಡಬೇಕೇ? ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ.

ಉತ್ತರ: ಎತ್ತಿಟ್ಟರೆ ಕೆಡುತ್ತದೆ, ನಡೆಸುತ್ತಿದ್ದರೆ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಹಾಡಿಸಿ. ವಾಲ್ವ್‌ನ ಬಿಸಿಯೇ ಪೆಟ್ಟಿಗೆಯ ಒಳಗನ್ನು ಒಣಗಿಸುತ್ತದೆ. ಸರಿಯಾಗಿ ವಿನ್ಯಾಸ ಮಾಡಿದ ಪ್ರೀಆಂಪ್‌ನಲ್ಲಿ ಸಣ್ಣ ವಾಲ್ವ್‌ಗಳು ಐದರಿಂದ ಹತ್ತು ಸಾವಿರ ಗಂಟೆ ಬಾಳುತ್ತವೆ, ಆದ್ದರಿಂದ ಸವೆದುಹೋಗುತ್ತದೆಂಬ ಚಿಂತೆ ಬೇಡ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೆ ಬೆವರುತ್ತದೆ. ಆರಿದ ಮೇಲೆ ಹತ್ತಿ ಬಟ್ಟೆ ಹೊದಿಸಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತು ಪೂರ್ತಿ ತಣ್ಣಗಾದ ನಂತರ ವಾಲ್ವ್‌ಗಳನ್ನು ಸಾಕೆಟ್‌ನಿಂದ ನೇರವಾಗಿ ಮೇಲಕ್ಕೆತ್ತಿ ಮತ್ತೆ ಕೂರಿಸಿ. ಪಿನ್‌ಗಳ ಮೇಲಿನ ಕಿಲುಬು ಉಜ್ಜಿಹೋಗುತ್ತದೆ. ತಳದ ಗಾಳಿ ಕಿಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಅಂಟಿಸಿ. ಬೆಚ್ಚಗಿನ ಜಾಗವೆಂದು ಹಲ್ಲಿಗಳು ಒಳಹೋಗುತ್ತವೆ, 250 ವೋಲ್ಟ್ ತಂತಿಗಳ ನಡುವೆ ಸಿಕ್ಕಿ ತಾವೂ ಸಾಯುತ್ತವೆ, ರೆಸಿಸ್ಟರ್‌ಗಳನ್ನೂ ಸುಡಿಸುತ್ತವೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲ ಸದ್ದು ಕೇಳಿದ ಕೂಡಲೇ ಪ್ಲಗ್ ಜೊತೆ ಕೇಬಲ್ ತಂತಿಯನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಮಾತ್ರ ಸಿಡಿಲಿಗೆ ತಡೆಯಾಗುವುದಿಲ್ಲ.